ಫಾಂಗ್ ಮೇಲಿನ ಮಣ್ಣು

ಮಿ ಫಾಂಗ್ ಎಂದರೆ ಫಾಂಗ್‌ಳ ತಾಯಿ ಎಂದಷ್ಟೇ ಅರ್ಥ. ತವರಿನವರು ಇಟ್ಟ ಹೆಸರು ಅವಳಿಗೂ ಒಂದಿತ್ತು, ಮೆಂಗ್ ಗುಯಿ ಅಂತ. ಆದರೆ ನೊಂಗ್‌ದಾ ತಗ್ಗಿನಲ್ಲಿ ಚೊಚ್ಚಲ ಮಗುವಿಗೆ ಹೆಸರಿಟ್ಟ ದಿನವೇ ತಾಯಿಯ ಹೆಸರು ಕಳಚಿ ಬೀಳುತ್ತದೆ. ಆಮೇಲೆ ಗಂಡನಿಂದ ಹಿಡಿದು ನೆರೆಹೊರೆಯವರ ತನಕ ಎಲ್ಲರೂ ಮಗುವಿನ ಹೆಸರು ಹಿಡಿದೇ ಅವಳನ್ನು ಕರೆಯುವುದು. ಆ ಮಗು ಸತ್ತರೂ ಕರೆಯುವ ಹೆಸರು ಬದಲಾಗುವುದಿಲ್ಲ. ಈ ಪದ್ಧತಿಯನ್ನು ಮಾಡಿದ ಮಹಾನುಭಾವ ಯಾರೋ, ಸಿಕ್ಕಿದರೆ ಕೂರಿಸಿಕೊಂಡು ಒಂದು ಮಾತು ಕೇಳಬೇಕು. ನೀರಿಗೆ ಹೋಗುವಾಗ, ಬೆಂಕಿ ಕೇಳಲು ಬಂದಾಗ, ಆಡು ಹೊಲಕ್ಕೆ ನುಗ್ಗಿತೆಂದು ಜಗಳ ತೆಗೆಯುವಾಗ, ಊರಿನವರು ಇಲ್ಲದ ಮಗಳ ಹೆಸರನ್ನು ಆ ಹೆಂಗಸಿನ ಕಿವಿಗೆ ಹಾಕುತ್ತಲೇ ಬಂದರು. ಅವಳು ಪ್ರತಿ ಸಲವೂ ಓಗೊಟ್ಟಳು.

ನೊಂಗ್‌ದಾ ಇರುವುದು ಗುವಾಂಗ್‌ಶಿಯ ಸುಣ್ಣಕಲ್ಲಿನ ಗುಡ್ಡಗಳ ನಡುವೆ. ಸುತ್ತ ಕಲ್ಲು, ಕಾಲ ಕೆಳಗೂ ಕಲ್ಲು, ಕಲ್ಲಿನ ಗುಳಿಗಳಲ್ಲಿ ಅಷ್ಟಷ್ಟು ಮಣ್ಣು. ಆ ಗುಳಿಗಳಿಗೆ ಅಲ್ಲಿಯವರು ಬಟ್ಟಲು ಅನ್ನುತ್ತಾರೆ. ದೊಡ್ಡ ಬಟ್ಟಲಲ್ಲಿ ಮುಸುಕಿನ ಜೋಳದ ಹತ್ತಾರು ಗಿಡ ನಿಂತಾವು, ಚಿಕ್ಕದರಲ್ಲಿ ಒಂದೇ ಒಂದು. ಹೊಲ ಎಂದರೆ ಅಷ್ಟೇ. ಬಟ್ಟಲಿನ ತಳದಲ್ಲಿ ಒಂದು ಗಂಟಲು ಇರುತ್ತದೆ. ಜೋರು ಮಳೆ ಬಂದಾಗ ಬೇರೆ ಕಡೆಯ ಹಾಗೆ ಮಣ್ಣು ಪಕ್ಕದ ಹೊಲಕ್ಕೆ ಹರಿದುಹೋಗುವುದಿಲ್ಲ, ಗಂಟಲಿನ ಮೂಲಕ ಗುಡ್ಡದ ಹೊಟ್ಟೆಯೊಳಗೆ ಇಳಿದುಬಿಡುತ್ತದೆ. ಹಾಗೆ ಇಳಿದದ್ದು ಮತ್ತೆ ಯಾರ ಕೈಗೂ ಸಿಗುವುದಿಲ್ಲ.

ಇಂಥ ಕಡೆ ಸತ್ತವರನ್ನು ಮಣ್ಣು ಮಾಡುವುದು ಸಣ್ಣ ಮಾತಲ್ಲ. ಮದುವೆಯ ದಿನ ಗಂಡು ಹೆಣ್ಣು ಇಬ್ಬರೂ ಒಂದೊಂದು ಬುಟ್ಟಿ ಮಣ್ಣು ಹೊತ್ತು ತಂದು ಮನೆಯ ಬಟ್ಟಲಿಗೆ ಸುರಿಯಬೇಕು. ಹಾಗೆ ಮಣ್ಣು ಹೊತ್ತವರು ಸತ್ತರೆ ಊರಿನವರು ಮನೆಗೊಂದು ಬೋಗುಣಿಯಂತೆ ತಮ್ಮ ತಮ್ಮ ಹೊಲದ ಮಣ್ಣು ತಂದು ಮುಚ್ಚುತ್ತಾರೆ. ಮಣ್ಣು ಹೊರದೆ ಹೋದ ಮಕ್ಕಳಿಗೆ ಬಂಡೆಯ ಸಂದೇ ಗತಿ. ಅವರನ್ನು ಸಂದಿಗಿಟ್ಟ ಮೇಲೆ ಯಾರೂ ಅಲ್ಲಿಗೆ ಕಾಲಿಡಬಾರದು, ಹೆತ್ತವಳಂತೂ ಇಣುಕಿಯೂ ನೋಡಬಾರದು. ಮೈಮೇಲೆ ಮಣ್ಣು ಬೀಳದವರಿಗೆ ಕುಲವನ್ನೆಲ್ಲ ಹೆತ್ತ ಮೊದಲ ತಾಯಿಯ ಮನೆಯ ದಾರಿ ಕಾಣದು, ಕಲ್ಲುಗಳ ನಡುವೆ ತಡಕಾಡುತ್ತಲೇ ಇರುತ್ತಾರೆ ಎಂದು ನಂಬಿದವರು ಅವರು.

ಸರ್ಕಾರ ಜಮೀನನ್ನು ಮನೆಮನೆಗೆ ಹಂಚಿಕೊಟ್ಟ ಕಾಲದಲ್ಲಿ ಗುಯಿ ಆ ತಗ್ಗಿಗೆ ಸೊಸೆಯಾಗಿ ಬಂದಳು. ಗಂಡ ಗಾಂಗ್ ಸಾಧು. ಅತ್ತೆ ಮಿ ಗಾಂಗ್ ಅಷ್ಟು ಸಾಧುವಲ್ಲ. ಅವರ ಪಾಲಿಗೆ ಬಂದ ಬಟ್ಟಲುಗಳ ಮೇಲ್ಭಾಗದಲ್ಲಿ, ಗುಡ್ಡದ ಇಳಿಜಾರಿನಲ್ಲಿ, ಒಂದು ದಟ್ಟ ಪೊದೆ ಇತ್ತು. ಕಾಡು ಅತ್ತಿ, ಮುಳ್ಳುಬಳ್ಳಿ, ಹೆಸರಿಲ್ಲದ ಗಿಡಗಳು, ಎಲ್ಲ ಒಂದರೊಳಗೊಂದು ಹೆಣೆದುಕೊಂಡಿದ್ದವು. ಸರ್ಕಾರದ ಅಪ್ಪಣೆಯಂತೆ ಕಬ್ಬಿಣ ಕರಗಿಸಲು ಊರಿನ ಮರಗಳನ್ನೆಲ್ಲ ಕುಲುಮೆಗೆ ನೂಕಿದ ವರ್ಷ ಮುದುಕಿ ಪೊದೆಯ ಮುಂದೆ ಅಡ್ಡ ಮಲಗಿದ್ದಳಂತೆ. ಅವಳನ್ನು ದಾಟಿ ಹೋಗುವ ಧೈರ್ಯ ಕೊಡಲಿ ಹಿಡಿದವರಿಗೂ ಆಗಲಿಲ್ಲ. ಸುತ್ತಲ ಗುಡ್ಡಗಳೆಲ್ಲ ಬೋಳಾಗಿ ನಿಂತಾಗ ಅದೊಂದು ಹಸಿರು ತೇಪೆ ಉಳಿಯಿತು.

ಬಂದ ಮೊದಲ ಬೆಳೆಯಲ್ಲೇ ಗುಯಿಯ ಕಣ್ಣು ಅತ್ತ ಬಿತ್ತು.

"ಅತ್ತೆ, ಕೆಳಗಿನ ಬಟ್ಟಲಲ್ಲಿ ಜೋಳ ಕಾಮಾಲೆ ಬಂದಂಗೆ ಹಳದಿ ಆಗೈತೆ. ಪೊದೆ ಬುಡದ ಬಟ್ಟಲಲ್ಲಿ ನೋಡಿ, ಹೆಂಗೆ ಕಪ್ಪಗೆ ಎದ್ದೈತೆ!"

"ಎದ್ದಿರತ್ತೆ. ನೀನು ಆ ಕಡೆ ಕಣ್ಣು ಹಾಕ್ಬೇಡ."

"ಕಣ್ಣು ಹಾಕಿದ್ರೆ ಸವೆದು ಹೋಗತ್ತಾ?"

"ಇವತ್ತು ಕಣ್ಣು ಹಾಕ್ತೀಯ, ನಾಳೆ ಕೈ ಹಾಕ್ತೀಯ. ನಿನ್ನಂಥೋರ್‌ನ ಎಷ್ಟು ನೋಡಿಲ್ಲ ನಾನು!" ಎಂದ ಮುದುಕಿ ದನಿ ತಗ್ಗಿಸಿದಳು. "ಗಾಂಗ್‌ಗಿಂತ ಮುಂಚೆ ಹುಟ್ಟಿದ್ದು ಮೂರು ಕೂಸು ಒಳಗವೆ ಕಣೇ. ಹೆಸರಿಡೋ ತನಕನೂ ಬದುಕ್ಲಿಲ್ಲ. ಊರೋರು ಒಂದು ಹಿಡಿ ಮಣ್ಣು ಕೊಡ್ಲಿಲ್ಲ. ಎಲೆ ಬಿತ್ತು, ಅದರ ಮೇಲೆ ಇನ್ನೊಂದು ಎಲೆ ಬಿತ್ತು, ಕೊಳೀತು, ತಾನೇ ಮಣ್ಣಾಯ್ತು. ಜನ ಕೊಡದೇ ಇದ್ದದ್ದ ಗಿಡ ಕೊಡ್ತು. ನನ್ನ ಹೊಟ್ಟೆ ಅಷ್ಟು ತಣ್ಣಗಾಯ್ತು."

ಮುದುಕಿ ಹೇಳಿದ್ದು ತನ್ನ ಕೂಸುಗಳ ಮಾತು. ಗುಯಿ ಕೇಳಿಸಿಕೊಂಡದ್ದೂ ಅಷ್ಟನ್ನೇ. ಅದು ಬಟ್ಟಲುಗಳ ಮಾತೂ ಹೌದೆಂದು ಇಬ್ಬರಿಗೂ ಹೊಳೆಯಲಿಲ್ಲ.

ಫಾಂಗ್ ಹುಟ್ಟಿದಳು, ಅವಳ ಹಿಂದೆ ಹಾಯ್ ಎಂಬ ಗಂಡುಮಗು ಹುಟ್ಟಿತು. ಗುಯಿ ಮಿ ಫಾಂಗ್ ಆದಳು. ಫಾಂಗ್‌ಗೆ ಹಾಲುಹಲ್ಲು ಬೀಳುವ ಹೊತ್ತಿಗೆ ಮುದುಕಿ ತೀರಿಕೊಂಡಳು. ಸಾವಿನಲ್ಲಿ ಕಂಚಿನ ನಗಾರಿ ಬಾರಿಸುವ ಲಾನ್ ತಾತ ಮುಂದೆ ನಿಂತ, ಮನೆಗೊಂದು ಬೋಗುಣಿ ಮಣ್ಣು ಬಂತು, ಮುದುಕಿ ಮರ್ಯಾದೆಯಿಂದ ಮಣ್ಣಾದಳು. ಆ ವರ್ಷ ಜೋಳದ ಗಂಜಿ ಎಷ್ಟು ತೆಳ್ಳಗಿತ್ತೆಂದರೆ ಅದರಲ್ಲಿ ಮುಖ ನೋಡಿಕೊಳ್ಳಬಹುದಿತ್ತು.

"ಸತ್ತೋರಿಗೆ ಕೊಬ್ಬಿದ ಮಣ್ಣು, ಬದುಕಿರೋರಿಗೆ ನೀರು ಗಂಜಿ. ಯಾವ ಸೀಮೆ ನ್ಯಾಯ ಇದು?" ಎಂದು ಮಿ ಫಾಂಗ್ ಗಂಡನನ್ನು ಕೇಳಿದಳು.

"ಅವ್ವ ಬೈತಾಳೆ," ಎಂದ ಗಾಂಗ್.

"ಅವ್ವ ಸತ್ತಾಯ್ತಲ್ಲ."

"ಸತ್ರೂ ಬೈತಾಳೆ ಅವಳು. ನಿಂಗೆ ನಮ್ಮವ್ವ ಗೊತ್ತಿಲ್ಲ."

ಕಡೆಗೆ ಕಟ್ಟಳೆ ಮೀರಿ ಒಳಗೆ ಕಾಲಿಟ್ಟು ಮಚ್ಚು ಹಿಡಿದವಳು ಅವಳೇ. ಪೊದೆ ಕಡಿದು ಒಣಗಿಸಿ ಒಲೆಗೆ ಹಾಕಿದರು, ಮಿಕ್ಕ ತರಗನ್ನು ಸುಟ್ಟು ಬೂದಿ ಬಳಿದುಕೊಂಡರು. ಬುಡದ ಮಣ್ಣನ್ನು ಗುದ್ದಲಿಯಲ್ಲಿ, ಆಮೇಲೆ ಕೈಯಲ್ಲಿ, ಕಲ್ಲಿನ ಮೈ ಕಾಣುವ ತನಕ ಗೋರಿದರು. ಎಲ್ಲಾದರೂ ಎಳೆ ಮೂಳೆ ಸಿಕ್ಕೀತೆಂದು ಗಾಂಗ್ ಒಂದೊಂದು ಹಿಡಿಯನ್ನೂ ಬಿಡಿಸಿ ನೋಡುತ್ತಿದ್ದ. ಏನೂ ಸಿಗಲಿಲ್ಲ. ಎಲ್ಲವೂ ಒಂದೇ ಬಣ್ಣದ ಮಣ್ಣಾಗಿತ್ತು, ಕಪ್ಪಗೆ, ಹಿಂಡಿದರೆ ಬೆರಳಿಗೆ ಜಿಡ್ಡು ಹತ್ತುವಂಥದ್ದು. ಅದನ್ನು ಬೆನ್ನುಬುಟ್ಟಿಯಲ್ಲಿ ಹೊತ್ತು ಬಟ್ಟಲುಗಳಿಗೆ ತುಂಬಿದರು. ಬುಡಗಳನ್ನು ಮಾತ್ರ ಕೀಳಲಾಗಲಿಲ್ಲ, ಬೇರು ಬಂಡೆಯೊಳಗೆ ಇಳಿದಿತ್ತು. ಬರುವ ಚಿಗುರನ್ನು ತಿನ್ನಲೆಂದು ಮಿ ಫಾಂಗ್ ಎರಡು ಆಡು ತಂದು ಬಿಟ್ಟಳು.

ಎರಡು ಬೆಳೆ ಬಂತು, ಊರು ಮೂಗಿನ ಮೇಲೆ ಬೆರಳಿಡುವಂಥ ಬೆಳೆ. ತೆನೆ ಮೊಳಕೈಯುದ್ದ. ನೆರೆಮನೆಯ ಮಿ ಲೂ ಬಂಡೆಯ ಮೇಲೆ ನಿಂತು ಕೂಗಿದಳು, "ಏನೇ ಮಿ ಫಾಂಗ್, ನಿನ್ನ ಜೋಳಕ್ಕೆ ಹೆರಿಗೆ ಮಾಡ್ಸೋಕೆ ಸೂಲಗಿತ್ತಿ ಕರೀಬೇಕೇನೇ? ಬಸುರಿಗಳ ಥರ ನಿಂತವಲ್ಲ!" ನಗುತ್ತಲೇ ಮನೆಗೆ ಹೋದವಳು ಮಾರನೆಯ ದಿನ ತನ್ನ ಪಾಲಿನ ಇಳಿಜಾರಿನಲ್ಲಿದ್ದ ಚೂರುಪಾರು ಗಿಡಗಳಿಗೂ ಮಚ್ಚು ಹಾಕಿದಳು. ಅವಳನ್ನು ನೋಡಿ ಇನ್ನೊಬ್ಬಳು ಹಾಕಿದಳು.

ಅವರ ತಪ್ಪು ಇಷ್ಟೇ. ಕಸುವು ಮಣ್ಣಿನಲ್ಲಿದೆ, ಮಣ್ಣು ಹೊತ್ತರೆ ಕಸುವನ್ನೂ ಹೊತ್ತಂತೆ ಎಂದುಕೊಂಡರು. ಹುಟ್ಟಿದಾಗಿನಿಂದ ಮಣ್ಣನ್ನು ಹೊತ್ತೇ ಬದುಕಿದವರು, ಮದುವೆಗೂ ಮಸಣಕ್ಕೂ ಮಣ್ಣನ್ನೇ ಅಳೆಯುವವರು ಬೇರೆ ಏನು ಅಂದುಕೊಂಡಾರು? ಕಸುವು ಇದ್ದದ್ದು ಉದುರುವ ಎಲೆಯಲ್ಲಿ, ಕೊಳೆಯುವ ತರಗಿನಲ್ಲಿ, ಮಣ್ಣನ್ನು ಹಿಡಿದು ಕೂತ ಬೇರಿನಲ್ಲಿ. ತಂದ ಮಣ್ಣು ತನ್ನಲ್ಲಿದ್ದಷ್ಟು ಕೊಟ್ಟು ಕೈ ತೊಳೆದುಕೊಂಡಿತು. ಮೂರನೆಯ ಬೆಳೆಗೆ ಕಪ್ಪು ಹೋಗಿ ಕಂದಾಯಿತು, ಆಮೇಲೆ ಕಂದು ಹೋಗಿ ಹಳದಿಯಾಯಿತು. ಮೇಲೆ ತಡೆಯುವ ಪೊದೆಯಿಲ್ಲದ್ದರಿಂದ ಮಳೆನೀರು ಬೋಳು ಕಲ್ಲಿನ ಮೇಲೆ ಧುಮುಕಿ ಬಂದು ಬಟ್ಟಲುಗಳ ಗಂಟಲು ತೆರೆಯಿತು. ಒಂದು ಬೆಳಗ್ಗೆ ಎಲ್ಲಕ್ಕಿಂತ ದೊಡ್ಡ ಬಟ್ಟಲು ಗಿಡಗಳ ಸಮೇತ ಕುಸಿದು ಬರೀ ತೂತಾಗಿತ್ತು. ಗಾಂಗ್ ಅದರೊಳಗೆ ಇಣುಕಿ, "ಅವ್ವ ಬೈದ್ಲು," ಎಂದಷ್ಟೇ ಹೇಳಿದ.

ಅಲ್ಲಿಂದ ಮಳೆ ನಿಂತೊಡನೆ ಮಣ್ಣು ಬಳಿಯುವುದು ಮಕ್ಕಳ ಕೆಲಸವಾಯಿತು. ಇಳಿಜಾರಿನ ಬಿರುಕುಗಳಲ್ಲಿ ಅಲ್ಲೊಂದಿಷ್ಟು ಇಲ್ಲೊಂದಿಷ್ಟು ನಿಂತ ಕೆಸರನ್ನು ಸೋರೆಬುರುಡೆಯ ಚಿಪ್ಪಿನಿಂದ ಬಳಿದು ಬುಟ್ಟಿಗೆ ಹಾಕಿಕೊಂಡು ಬರುವುದು. ಯಾರು ಮೊದಲು ಹೋದರೆ ಅವರಿಗೆ. ಫಾಂಗ್ ಈ ಕೆಲಸದಲ್ಲಿ ಚುರುಕು. ಹನ್ನೊಂದು ವರ್ಷದ ಹುಡುಗಿ, ಕೋಲಿನಂಥ ಕಾಲು, ಬಾಯಿ ಮಾತ್ರ ಅಜ್ಜಿಯದೇ.

ಜೋಳ ಮೊಳೆತ ಹೊಸತರಲ್ಲಿ ಒಂದು ದೊಡ್ಡ ಮಳೆ ಬಂತು. ಇನ್ನೂ ಹನಿ ಬೀಳುತ್ತಿತ್ತು.

"ಫಾಂಗ್, ಏಳೇ. ಮಿ ಲೂ ಮಕ್ಕಳು ಹೋಗೋದ್ರೊಳಗೆ ಹೋಗು."

"ಹನಿ ನಿಲ್ಲಲಿ ಅವ್ವ. ಕಲ್ಲು ಜಾರತ್ತೆ."

"ನೀನೇನು ಸಕ್ಕರೆ ಗೊಂಬೆನಾ ಕರಗೋಕೆ? ಹೋಗು ಅಂದ್ರೆ ಹೋಗು."

"ನಾನು ಕರಗಿದ್ರೆ ನನ್ನೂ ಬಳಕೊಂಡು ಬಟ್ಟಲಿಗೆ ಹಾಕು, ಜೋಳ ಚೆನ್ನಾಗಿ ಬೆಳೀತದೆ," ಎಂದು ಹಲ್ಲು ಕಿರಿದು ಬುಟ್ಟಿ ಎತ್ತಿಕೊಂಡು ಓಡಿದಳು.

ಹಳೆಯ ಪೊದೆಯಿದ್ದ ಜಾಗದಲ್ಲಿ ಒಂದು ಬಂಡೆಯಿತ್ತು. ಅತ್ತಿಯ ಬೇರುಗಳು ಅದನ್ನು ಎಷ್ಟೋ ಕಾಲದಿಂದ ಅಪ್ಪಿ ಹಿಡಿದಿದ್ದವು. ಬಂಡೆಯ ಮಗ್ಗುಲ ಬೇರುಗಳು ಸತ್ತು ಪುಡಿಯಾಗಿದ್ದವು. ಮಿ ಫಾಂಗ್‌ಗೆ ಸದ್ದು ಕೇಳಿಸಿತು. ಅವಳು ಹತ್ತಿ ಹೋಗಿ ನೋಡಿದಾಗ ಬಂಡೆ ಉರುಳಿ ಪಕ್ಕಕ್ಕೆ ಬಿದ್ದಿತ್ತು, ಫಾಂಗ್ ಉಸಿರಾಡುತ್ತಿರಲಿಲ್ಲ. ಬುಟ್ಟಿ ಮಾತ್ರ ನೆಟ್ಟಗೆ ನಿಂತಿತ್ತು, ಅರ್ಧ ತುಂಬಿತ್ತು.

ಲಾನ್ ತಾತ ಬಂದ. ನಗಾರಿ ತರಲಿಲ್ಲ, ಮಕ್ಕಳಿಗೆ ನಗಾರಿ ಇಲ್ಲ. ಗಾಂಗ್ ಗೋಡೆಗೆ ಒರಗಿ ಕೂತಿದ್ದ.

"ತಾತ, ಊರೋರಿಗೆ ಮಣ್ಣು ತರೋಕೆ ಹೇಳಿ," ಎಂದಳು ಮಿ ಫಾಂಗ್.

ತಾತ ತಲೆ ತಗ್ಗಿಸಿದ. "ಮಗಳೇ, ಮಣ್ಣು ಹೊರದೇ ಹೋದೋರಿಗೆ ಮಣ್ಣಿಲ್ಲ. ನಾನು ಮಾಡಿದ್ದಲ್ಲ ಇದು."

"ಮಣ್ಣು ಹೊರಲಿಲ್ವಾ? ನನ್ನ ಮಗಳು ಮಣ್ಣು ಹೊರಲಿಲ್ವಾ?" ಬುಟ್ಟಿಯನ್ನು ಎಳೆದು ತಂದು ಅವನ ಕಾಲ ಬುಡದಲ್ಲಿ ಕುಕ್ಕಿದಳು. "ಇದ್ರಾಗೆ ಏನೈತೆ ನೋಡಿ! ಕಣ್ಣು ಬಿಟ್ಟು ನೋಡಿ! ಮದುವೇಲಿ ಮೆರವಣಿಗೆ ಮಾಡ್ಕೊಂಡು ಒಂದು ಬುಟ್ಟಿ ಹೊತ್ತೋರಿಗೆ ಮಣ್ಣು, ಹೊತ್ತು ಹೊತ್ತೇ ಸತ್ತೋಳಿಗೆ ಇಲ್ವಾ?"

ತಾತ ಬಾಗಿಲ ಕಡೆ ಕೈ ತೋರಿಸಿದ. ಬಾಗಿಲಲ್ಲಿ ಊರಿನ ಹೆಂಗಸರು ನಿಂತಿದ್ದರು. ಮುಂದೆ ಮಿ ಲೂ. ಸಾವಿನ ಮನೆಗೆ ಬರಿಗೈಯಲ್ಲಿ ಬರಲಾಗದೆ ಬೋಗುಣಿ ತಂದಿದ್ದಳು. ಬೋಗುಣಿ ಖಾಲಿ ಇತ್ತು.

"ಎಲ್ಲಾ ಬಟ್ಟಲಲ್ಲೂ ಮೊಳಕೆ ಬಂದೈತೆ ಕಣೇ," ಎಂದಳು ಮಿ ಲೂ ಅಳುತ್ತ. "ಬೋಗುಣಿ ಹಿಡ್ಕೊಂಡು ಹೊಲಕ್ಕೆ ಹೋದೆ. ಕೈ ಹಾಕಿದೆ. ಒಂದು ಬೊಗಸೆ ತೆಗೆದ್ರೆ ಕೆಳಗೆ ಕಲ್ಲು ಸಿಗ್ತು. ನಂಗೂ ಮಕ್ಕಳವೆ ಮಿ ಫಾಂಗ್. ನಂಗೆ ಕೈ ಬರ್ಲಿಲ್ಲ."

ಮಿ ಫಾಂಗ್ ಆ ಬೋಗುಣಿ ಕಿತ್ತುಕೊಂಡು ತನ್ನ ಹೊಲಕ್ಕೇ ಓಡಿದಳು. ಮೊಳಕೆಗಳ ಸಮೇತ ಮಣ್ಣು ಗೋರತೊಡಗಿದಾಗ ಹಿಂದಿನಿಂದ ಗಾಂಗ್ ಬಂದು ಅವಳ ಎರಡೂ ರಟ್ಟೆ ಹಿಡಿದ.

"ಬಿಡು. ನನ್ನ ಹೊಲ. ನನ್ನ ಮಗಳು."

"ಹಾಯ್ ಏನು ತಿಂತಾನೆ?" ಎಂದ ಗಾಂಗ್. ಜೀವಮಾನದಲ್ಲಿ ಅವನು ಅವಳನ್ನು ತಡೆದದ್ದು ಅದೊಂದೇ ಸಲ. "ಸತ್ತೋಳಿಗೆ ಕೊಟ್ಟು ಬದುಕಿರೋನ್ನ ಏನು ಮಾಡ್ತೀಯ? ಹೇಳು. ನೀನು ಹೇಳ್ದಂಗೆ ಮಾಡ್ತೀನಿ."

ಅವಳೇ ಹಿಂದೆ ಆಡಿದ ಮಾತು ಅದು. ಬೋಗುಣಿಯ ಮಣ್ಣನ್ನು ಮತ್ತೆ ಬಟ್ಟಲಿಗೆ ಸುರಿದು, ಮೊಳಕೆಗಳನ್ನು ಒಂದೊಂದಾಗಿ ನೆಟ್ಟಳು. ನಾಲ್ಕಾರು ಮಾತ್ರ ಬಾಡಿದವು.

ಫಾಂಗ್‌ಳನ್ನು ಹಳೆಯ ಪೊದೆಯ ಜಾಗದಲ್ಲೇ, ಮೂರು ಕೂಸುಗಳಿದ್ದ ಸಂದಿನಲ್ಲಿ ಇಟ್ಟರು. ಅವಳೇ ಬಳಿದ ಅರ್ಧ ಬುಟ್ಟಿ ಮಣ್ಣನ್ನು ಅವಳ ಮೇಲೆ ಹಾಕಿದರು. ಮುಖ ಮುಚ್ಚಿತು, ಎದೆ ಮುಚ್ಚಿತು, ಅಲ್ಲಿಗೆ ಮುಗಿಯಿತು. ಮಾರನೆಯ ದಿನ ಮತ್ತೆ ಮಳೆ. ಮಿ ಫಾಂಗ್ ಹೊಲದಲ್ಲಿ ನಿಂತು ತಲೆಯೆತ್ತಿ ನೋಡಿದಳು. ಬಿಳಿ ಕಲ್ಲಿನ ಮೇಲೆ ಒಂದು ಕಂದು ಗೆರೆ ಇಳಿದು ಬರುತ್ತಿತ್ತು, ನೇರವಾಗಿ ಅವಳ ಜೋಳದ ಬಟ್ಟಲಿಗೆ. ಸಕ್ಕರೆ ಗೊಂಬೆಯ ಮಾತು ಅವಳಿಗೆ ನೆನಪಾಯಿತು. ಆ ಬಟ್ಟಲಿನ ಜೋಳವನ್ನು ಅವಳು ಬಾಯಿಗಿಡಲಿಲ್ಲ, ಹಾಯ್‌ಗೆ ಮಾತ್ರ ಬೇಯಿಸಿ ಹಾಕಿದಳು.

ಅತ್ತೆಯ ಮಾತು ಆಗ ಅವಳಿಗೆ ಮತ್ತೆ ಕೇಳಿಸಿತು. ಜನ ಕೊಡದೇ ಇದ್ದದ್ದ ಗಿಡ ಕೊಡ್ತು. ಈಗ ಗಿಡವೆಲ್ಲಿದೆ? ಕಡಿದವಳು ಯಾರು? ಅತ್ತೆಯ ಕೂಸುಗಳ ಮೇಲಿದ್ದ ಮಣ್ಣನ್ನು ಕೈಯಾರೆ ಗೋರಿ ತಂದು ತಿಂದವಳು ಯಾರು? ಈ ಮಾತನ್ನು ಅವಳು ಯಾರ ಮುಂದೆಯೂ ಬಾಯಿಬಿಟ್ಟು ಆಡಲಿಲ್ಲ. ಆಡುಗಳನ್ನು ಸಂತೆಗೆ ಹೊಡೆದುಕೊಂಡು ಹೋಗಿ ಮಾರಿದಳು. ಮುಳ್ಳುಕಂಟಿ ತಂದು ಇಳಿಜಾರಿನ ಸುತ್ತ ಬೇಲಿ ಹಾಕಿದಳು. ಉಳಿದ ಬುಡಗಳು ಸಾಯದೆ ಕಾದಿದ್ದವು, ಮುಂದಿನ ಮಳೆಗೆ ಚಿಗುರಿದವು.

ಅಲ್ಲಿಂದ ಮುಂದೆ ಅವಳ ಬದುಕೆಂದರೆ ಆ ಪೊದೆ ಕಾಯುವುದೇ. ಚಳಿಗಾಲದಲ್ಲಿ ಊರಿನ ಒಲೆಗಳು ಸೌದೆಗೆ ಬಾಯಿ ಬಿಟ್ಟಾಗ ಅವಳು ಕಣಿವೆ ದಾಟಿ ದೂರದಿಂದ ಪುಳ್ಳೆ ಹೊತ್ತು ತಂದಳು, ತನ್ನ ಪೊದೆಯ ಒಂದು ಕಡ್ಡಿ ಮುರಿಯಲಿಲ್ಲ. ಮಿ ಲೂಳ ಆಡುಗಳು ಬೇಲಿ ಹಾರಿದರೆ ಕಲ್ಲು ಬೀಸಿದಳು. ಒಮ್ಮೆ ಒಂದು ಆಡಿನ ಕಾಲು ಮುರಿಯಿತು.

"ಏನೇ ಮಿ ಫಾಂಗ್, ಮುಳ್ಳಿಗೆ ಕಾವಲು ಕೂತಿದ್ದೀಯಲ್ಲ! ತಲೆ ನೆಟ್ಟಗೈತಾ? ನನ್ನ ಆಡಿನ ಕಾಲಿಗೇನು ಬೆಲೆ ಇಲ್ವಾ?" ಎಂದು ಮಿ ಲೂ ಬಂದು ಹರಿಹಾಯ್ದಳು.

"ಒಳಗೆ ನನ್ನ ಮಗಳವಳೆ. ಅವಳ ಹೆಸರು ಹಿಡಿದೇ ಕರೀತಿದ್ದೀಯಲ್ಲ ನನ್ನ, ಮರೆತೋಯ್ತಾ?"

ಮಿ ಲೂ ಮತ್ತೆ ಆಡಿನ ಮಾತೆತ್ತಲಿಲ್ಲ. ಊರಿಗೆ ಊರೇ ಅವಳನ್ನು ಮುಳ್ಳಿನ ಮುದುಕಿ ಎಂದು ಬೆನ್ನ ಹಿಂದೆ ಆಡಿಕೊಂಡಿತು. ಎದುರಿಗೆ ಮಾತ್ರ ಮಿ ಫಾಂಗ್ ಎಂದೇ ಕರೆಯಿತು.

ಗಾಂಗ್ ಕೆಮ್ಮಿ ಕೆಮ್ಮಿ ಸತ್ತ, ಅವನಿಗೆ ಮಣ್ಣು ಬಂತು, ಬೋಗುಣಿಗಳು ಮಾತ್ರ ಅರ್ಧರ್ಧ ತುಂಬಿದ್ದವು. ಹಾಯ್ ದೊಡ್ಡವನಾದ, ಮದುವೆಯಾದ, ಪೇಟೆಯ ಕಲ್ಲು ಒಡೆಯುವ ಕೆಲಸಕ್ಕೆ ಹೋಗಿ ಬಂದು ಮಾಡುತ್ತಿದ್ದ. ಪೊದೆ ಆಳೆತ್ತರವಾಗಿ, ಆಳು ಮೀರಿ, ಮತ್ತೆ ಹೆಣೆದುಕೊಂಡಿತು. ಅದರ ಬುಡದ ಬಟ್ಟಲುಗಳು ನಿಧಾನಕ್ಕೆ ಕಂದಾದವು, ಆಮೇಲೆ ಕಪ್ಪಗಾದವು. ಜೋಳ ಮತ್ತೆ ಎದ್ದಿತು. ಮಿ ಫಾಂಗ್‌ಗೆ ಅದರಿಂದ ಸಂತೋಷವೇನೂ ಆಗಲಿಲ್ಲ. ಅವಳಿಗೆ ಬೇಕಿದ್ದದ್ದು ಒಂದೇ ಸುದ್ದಿ, ಒಳಗೆ ಮಗಳ ಮೈಮೇಲೆ ಮಣ್ಣು ಮುಚ್ಚಿದೆಯಾ ಇಲ್ಲವಾ ಅಂತ. ಹೆತ್ತವಳು ಇಣುಕಬಾರದು, ಒಮ್ಮೆ ಮೀರಿದ ಕಟ್ಟಳೆಯನ್ನು ಅವಳು ಮತ್ತೆ ಮೀರಲಾರಳು. ಬೇರೆಯವರು ಕಾಲಿಡಬಾರದು. ಇಪ್ಪತ್ತು ವರ್ಷಕ್ಕೂ ಮೇಲೆ ಅವಳು ಬೇಲಿಯ ಹೊರಗೆ ನಿಂತು, ಎಲೆ ಉದುರುವ ಸದ್ದು ಕೇಳಿಸಿಕೊಂಡು ಮನೆಗೆ ಬರುತ್ತಿದ್ದಳು.

ಹಾಗಿರುವಾಗ ಪೇಟೆಯಿಂದ ಚಿನ್ ಎಂಬ ಹೆಂಗಸು ಬಂದಳು. ಐವತ್ತು ದಾಟಿದವಳು, ಬೋಳು ಗುಡ್ಡದ ಮಣ್ಣಿಗೂ ಗಿಡವಿರುವ ಕಡೆಯ ಮಣ್ಣಿಗೂ ಏನು ವ್ಯತ್ಯಾಸ ಎಂದು ನೋಡುವುದು ಅವಳ ಕೆಲಸ. ಹಾಯ್ ದಾರಿ ತೋರಿಸುತ್ತಿದ್ದ. ಅವನು ನೀರು ತರಲು ಅತ್ತ ಹೋದಾಗ ಆಕೆಗೆ ಹಸಿರು ಕಂಡಿತು, ಬೇಲಿ ಸರಿಸಿ ಒಳಗೆ ಹೋದಳು. ಅವಳಿಗೆ ಊರಿನ ಕಟ್ಟಳೆ ಏನು ಗೊತ್ತು?

ಕೆಳಗಿನಿಂದ ಮಿ ಫಾಂಗ್ ನೋಡಿದಳು. ಕೂಗುತ್ತ ಇಳಿಜಾರು ಹತ್ತಿದಳು. ಅವಳು ಬೇಲಿ ಮುಟ್ಟುವಷ್ಟರಲ್ಲಿ ಚಿನ್ ಹೊರಗೆ ಬಂದಾಗಿತ್ತು. ಕೈಯಲ್ಲಿ ಮಣ್ಣು ತುಂಬಿದ ಚೀಲ, ಮುಂಗೈ ತನಕ ಕಪ್ಪು. ಹಾಯ್ ಓಡಿ ಬಂದು ಇಬ್ಬರ ನಡುವೆ ನಿಂತ. ಅವನೇ ಒಬ್ಬರ ಮಾತನ್ನು ಇನ್ನೊಬ್ಬರಿಗೆ ಹೇಳಬೇಕಿತ್ತು.

"ತಪ್ಪಾಯ್ತಾ? ಯಾರದು ಇದು? ನಿಮ್ದಾ ಅಮ್ಮ?" ಎಂದಳು ಚಿನ್ ಹೆದರಿ.

"ಫಾಂಗ್‌ದು," ಎಂದಳು ಮಿ ಫಾಂಗ್.

ಬೈಗುಳ ಬಾಯಿ ತನಕ ಬಂದಿತ್ತು. ಆದರೆ ಅವಳ ಕಣ್ಣು ಆ ಕಪ್ಪು ಮುಂಗೈ ಬಿಟ್ಟು ಕದಲಲಿಲ್ಲ. ಹಾಯ್ ಬಾಗಿ ಕಿವಿಗೊಡಬೇಕಾದಷ್ಟು ಸಣ್ಣ ದನಿಯಲ್ಲಿ ಕೇಳಿದಳು, "ಒಳಗೆ... ಬಂಡೆ ಸಂದಲ್ಲಿ... ಬೆಳ್ಳಗೆ ಏನಾದ್ರೂ ಕಾಣ್ತಾ?"

"ಬೆಳ್ಳಗೆ? ಇಲ್ವಲ್ಲ ಅಮ್ಮ. ಕಲ್ಲು ಕೂಡ ಕಾಣಲ್ಲ. ಎಲ್ಲಾ ಎಲೆಮಣ್ಣು. ಇಲ್ಲೀ ತನಕ ಕೈ ಇಳೀತು ನೋಡಿ." ಚಿನ್ ಮೊಳಕೈ ಹತ್ತಿರ ತೋರಿಸಿದಳು. "ಈ ಸುತ್ತಿನಲ್ಲಿ ಇಂಥ ಮಣ್ಣು ನಾನು ಎಲ್ಲೂ ನೋಡ್ಲಿಲ್ಲ. ಸಾರ ತುಂಬೈತೆ."

"ಪೂರ್ತಿ ಮುಚ್ಚೈತಾ?"

"ಏನು ಮುಚ್ಚಿರ್ಬೇಕು?"

"ಹನ್ನೊಂದು ವರ್ಷದ ಹುಡುಗಿ," ಎಂದಳು ಮಿ ಫಾಂಗ್. "ತೆಳ್ಳಗಿದ್ಲು. ಜಾಸ್ತಿ ಬೇಕಾಗಿಲ್ಲ."

ಹಾಯ್ ಈ ಮಾತನ್ನು ಪೇಟೆಯ ಮಾತಿಗೆ ತಿರುಗಿಸಲು ಹೊರಟು ಅರ್ಧಕ್ಕೇ ನಿಂತ. ಆದರೂ ಚಿನ್‌ಗೆ ಅರ್ಥವಾಯಿತು. ಕೈಯಲ್ಲಿದ್ದ ಚೀಲವನ್ನು ನೋಡಿದಳು, ತನ್ನ ಮುಂಗೈ ನೋಡಿದಳು, ಮುದುಕಿಯ ಮುಖ ನೋಡಿದಳು.

"ಮುಚ್ಚೈತೆ ಅಮ್ಮ," ಎಂದಳು. "ಪೂರ್ತಿ ಮುಚ್ಚೈತೆ."

ಮಿ ಫಾಂಗ್ ನಿಂತಲ್ಲೇ ಕೂತಳು. ಚೀಲದ ಕಡೆ ಕೈ ತೋರಿಸಿ, "ಅದನ್ನ ವಾಪಸ್ ಹಾಕ್ಬಿಡವ್ವ," ಎಂದಳು. "ಎಲ್ಲಿಂದ ತೆಗೆದ್ಯೋ ಅಲ್ಲೇ ಹಾಕು. ನಾನು ಒಳಗೆ ಬರೋ ಹಂಗಿಲ್ಲ. ಈ ಊರಲ್ಲಿ ಇನ್ಯಾರೂ ಹೋಗಲ್ಲ. ನೀನೇ ಹಾಕ್ಬೇಕು."

ಚಿನ್ ಚೀಲ ಹಿಡಿದು ಒಳಗೆ ಹೋದಳು. ಮಣ್ಣು ಸುರಿಯುವ ಸದ್ದು, ಆಮೇಲೆ ಅಂಗೈಯಲ್ಲಿ ಮೆಲ್ಲಗೆ ತಟ್ಟಿ ಸಮ ಮಾಡುವ ಸದ್ದು ಬೇಲಿಯ ಹೊರಗೆ ಕೇಳಿಸಿತು. ಆ ತಗ್ಗಿನಲ್ಲಿ ಫಾಂಗ್ ಮೇಲೆ ಮನುಷ್ಯರ ಕೈಯಿಂದ ಎರಡನೆಯ ಸಲ ಮಣ್ಣು ಬಿತ್ತು.

ಮಿ ಫಾಂಗ್ ಮಂಡಿಯ ಮೇಲೆ ತಲೆಯಿಟ್ಟು ಹೇಳಿದಳು, "ಅತ್ತೆ, ನಿಮ್ಮ ಮೂರು ಕೂಸಿನ ಮೇಲಿಂದ ಮಣ್ಣು ತೆಗೆದೋಳು ನಾನೇ. ಆದ್ರೂ ನನ್ನ ಫಾಂಗ್‌ನೂ ಅವುಗಳ ಜೊತೇಲಿ ಇಟ್ಕೊಂಡು ನೋಡ್ಕೊಂಡ್ರಲ್ಲ."